ಆಡು ಉಗುಳಿದ ಬಾರಿಬೀಜ

ಮಾದನಹಿಪ್ಪರಗಾದ ಮಂದಿ ಖಾಸೀಂಬಿಯ ಬಗ್ಗೆ ಒಂದೇ ಮಾತು ಆಡುತ್ತಿದ್ದರು: "ಆಕಿ ಆಡು ಹೊಡಕೊಂಡು ಹೋದ ದಾರ್ಯಾಗ ಹುಲ್ಲೂ ಹುಟ್ಟೂದಿಲ್ಲ." ಆಳಂದದ ಬಸ್ಸು ಕಾಯುತ್ತ ಕಟ್ಟೆಯ ಮೇಲೆ ಕೂತವರು ಅನ್ನುತ್ತಿದ್ದರು, ಹಿಟ್ಟಿನ ಗಿರಣಿಯಲ್ಲಿ ಡಬ್ಬಿ ಇಟ್ಟು ಸರದಿ ಕಾಯುವವರು ಅನ್ನುತ್ತಿದ್ದರು, ಅವಳು ಎದುರಿಗೆ ಬಂದರೂ ದನಿ ತಗ್ಗಿಸದೆ ಅನ್ನುತ್ತಿದ್ದರು. ಮಾತಿನ ಮೂಲ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಅದು ಹುಟ್ಟಿದ್ದು ಅವಳ ಮಗ್ಗಲು ಮನೆಯ ಹಣಮವ್ವನ ಬಾಯಲ್ಲಿ. ಹಣಮವ್ವ ಎರಡು ಮನೆಗಳ ನಡುವಿನ ಗಿಡ್ಡ ಗೋಡೆಗೆ ಅವರೆಬಳ್ಳಿ ಹಬ್ಬಿಸಿದ್ದಳು. ಬಳ್ಳಿ ಹೂ ಬಿಟ್ಟು, ಇನ್ನೇನು ಕಾಯಿ ಹಿಡಿಯಬೇಕು ಅನ್ನುವ ವಾರ ಖಾಸೀಂಬಿಯ ಮುಂದಾಳು ಆಡು ಚಾಂದನಿ, ಹಣೆಯ ಮೇಲೆ ಬಿಳಿ ಚುಕ್ಕೆ ಇದ್ದದ್ದು, ಗೋಡೆಗೆ ಮುಂಗಾಲು ಹಚ್ಚಿ ನಿಂತು, ನೂಲು ಸುತ್ತಿಕೊಂಡಂತೆ ಬಳ್ಳಿಯನ್ನು ಬಾಯೊಳಗೆ ಸುತ್ತಿಕೊಂಡಿತು. ಹಣಮವ್ವ ಹೊರಗೆ ಓಡಿ ಬಂದಾಗ ಗೋಡೆಯ ಮೇಲೆ ಒಂದು ಎಲೆ ಉಳಿದಿತ್ತು. ಅವಳು ನೋಡುತ್ತಿದ್ದಂತೆ ಅದೂ ಹೋಯಿತು.

ಖಾಸೀಂಬಿ ಜಗಳಕ್ಕೆ ಹಿಂದೆ ಸರಿಯುವ ಹೆಂಗಸಲ್ಲ. "ದೇವರು ನನ್ನ ಆಡಿಗಿ ಹಲ್ಲ ಕೊಟ್ಟಾನ, ನಿನಗ ನಾಲಿಗಿ ಕೊಟ್ಟಾನ. ಯಾವುದು ಹೆಚ್ಚಿಗಿ ಮೇಯ್ತದ ನೋಡೂಣು ಬೇ," ಅಂದಳು. ಓಣಿ ನಕ್ಕಿತು. ಸಂಜೆಗೆ ಒಂದು ಚರಿಗೆ ಹಾಲು ಗೋಡೆ ದಾಟಿ ಆಚೆ ಹೋಯಿತು. ಹಣಮವ್ವ ಬೈಯುತ್ತಲೇ ಇಸಕೊಂಡಳು. ಇಬ್ಬರ ಗೆಳೆತನ ಇದ್ದದ್ದೇ ಹಾಗೆ. ಆದರೆ ಆ ಮಾತು ಮಾತ್ರ ಊರಲ್ಲಿ ಉಳಿಯಿತು. ಖಾಸೀಂಬಿಯ ಒಳಗೂ ಅದು ಅಂಗಾಲಲ್ಲಿ ಮುರಿದ ಮುಳ್ಳಿನ ಹಾಗೆ ಉಳಿಯಿತು. ನಡೆಯುವಾಗ ಗೊತ್ತಾಗುವುದಿಲ್ಲ, ಒತ್ತಿದರೆ ಗೊತ್ತಾಗುತ್ತದೆ.

ಯಾಕೆಂದರೆ ಅದರಲ್ಲಿ ಅರ್ಧ ಖರೆ ಇತ್ತು.

ಊರಿನ ಪಡುವಣಕ್ಕೆ ನರಿಗಲ್ಲ ಮಡ್ಡಿ ಅಂತ ಒಂದು ಗುಡ್ಡ. ನೇಗಿಲಿಗೆ ಬಾರದ ನೆಲ, ಮೈಯೆಲ್ಲ ಕರಿಗಲ್ಲು. ಬೇಸಿಗೆಯಲ್ಲಿ ಅದರ ಮೇಲೆ ಬರಿಗಾಲಿಟ್ಟವರಿಗೆ ಹಂಚಿನ ಮೇಲಿನ ರೊಟ್ಟಿಯ ಕಷ್ಟ ಗೊತ್ತಾಗುತ್ತಿತ್ತು. ಖಾಸೀಂಬಿ ಸಣ್ಣ ಹುಡುಗಿಯಾಗಿದ್ದಾಗ ಆ ಮಡ್ಡಿಯ ತುಂಬ ಪೊದೆಗಳಿದ್ದವು. ಬಾರಿ, ಅಂದರೆ ಬೋರೆಹಣ್ಣಿನ ಮುಳ್ಳುಗಿಡ, ಕಾರಿ, ಕವಳಿ. ಅವಳ ತಾಯಿ ಬದರುನ್ನಿಸಾ ಚಳಿಗಾಲಕ್ಕೆ ಬಾರಿಹಣ್ಣು ಆರಿಸಿ ತಂದು ಮಾಳಿಗೆಯ ಮೇಲೆ ಒಣಗಿಸಿ, ಬೆಲ್ಲ, ಜೀರಿಗೆ, ಚೂರು ಉಪ್ಪು ಹಾಕಿ ಒರಳಲ್ಲಿ ಕುಟ್ಟಿ ಉಂಡೆ ಕಟ್ಟುತ್ತಿದ್ದಳು. ಆಮೇಲೆ ಕಟ್ಟಿಗೆಗೆ ಕಡಿಯುವವರು ಕಡಿದರು. ಕಡಿದ ಬುಡ ಚಿಗುರಿದರೆ ಊರ ಆಡುಗಳು ಅದನ್ನೂ ಬಿಡಲಿಲ್ಲ. ಖಾಲಿಯಾದ ಜಾಗಕ್ಕೆ ಬಳ್ಳಾರಿ ಜಾಲಿ ಬಂದು ಕೂತಿತು. ಪರದೇಶಿ ಗಿಡ. ಅದರ ಬುಡದಲ್ಲಿ ಹುಲ್ಲು ಏಳುವುದಿಲ್ಲ. ಅದರ ಎಲೆಯನ್ನು ಆಡು ಮೂಸಿ ಬಿಡುತ್ತದೆ, ಕಾಯಿಯನ್ನು ಮಾತ್ರ ಬೆಲ್ಲದಚ್ಚು ಸಿಕ್ಕಿದ ಹಾಗೆ ತಿನ್ನುತ್ತದೆ. ಇದನ್ನು ಖಾಸೀಂಬಿಯಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ. ಆದರೂ ಅದನ್ನೇ ಅವಳು ಒಮ್ಮೆ ಮರೆತಳು. ಅದನ್ನು ಮುಂದೆ ಹೇಳಬೇಕು.

ಗಂಡ ಅಬ್ದುಲ್ ಗನಿ ಸಂತೆಯಿಂದ ಸಂತೆಗೆ ತಿರುಗಿ ಆಡಿನ ವ್ಯಾಪಾರ ಮಾಡುತ್ತಿದ್ದವ. ಅವನು ತೀರಿಕೊಂಡಾಗ ಹಟ್ಟಿಯಲ್ಲಿ ಮಾರದೆ ಉಳಿದಿದ್ದವು ನಾಲ್ಕೇ ಆಡು. ಖಾಸೀಂಬಿ ಅವನ್ನೇ ಸಾಕಿ, ಅವುಗಳ ಮೇಲೆಯೇ ಮಗಳು ಮಸರತಳನ್ನು ಬೆಳೆಸಿ, ಜೇವರ್ಗಿ ಕಡೆಯ ಕೊಳಕೂರಿಗೆ ಮದುವೆ ಮಾಡಿ ಕೊಟ್ಟಳು. ಮಗಳು ಹೋದ ಮೇಲೆ ಮನೆಯಲ್ಲಿ ಮಾತಾಡುವುದಕ್ಕೆ ಆಡುಗಳೇ. ಊರವರ ಜೊತೆ ಕನ್ನಡ, ಆಡುಗಳ ಜೊತೆ ಮನೆಮಾತು. "ಕಾಂ ಜಾತೀ ಗೇ ಚಾಂದನಿ?" ಎಲ್ಲಿಗೆ ಹೊರಟೆಯೇ ಅಂತ ಕೇಳಿದರೆ, ಎತ್ತ ಹೊರಟಿದ್ದರೂ ಚಾಂದನಿ ನಿಂತು ಹಿಂದೆ ತಿರುಗಿ ನೋಡುತ್ತಿತ್ತು.

ಹೀಗಿರುವಾಗ ಅರಣ್ಯದವರು ಮಡ್ಡಿಗೆ ತಂತಿಬೇಲಿ ಹಾಕಿದರು. ರಸ್ತೆಯ ಕಡೆ ಒಂದು ಗೇಟು, ಗೇಟಿನ ಮೇಲೆ 'ನರಿಗಲ್ಲ ಸಸ್ಯವನ' ಅನ್ನುವ ಬೋರ್ಡು. ಬಳ್ಳಾರಿ ಜಾಲಿ ಕಿತ್ತು ಮೊದಲಿದ್ದ ಈ ಸೀಮೆಯ ಗಿಡಗಳನ್ನೇ ತಿರುಗಿ ತರುವುದು ಅಂತ ಡಂಗುರ ಹೊಡೆಸಿದರು. ಜೊತೆಗೆ ಇನ್ನೊಂದು ಮಾತು: ಇನ್ನು ಮೇಲೆ ಆಡು, ಕುರಿ, ದನ ಒಳಗೆ ಬರಕೂಡದು.

ಖಾಸೀಂಬಿ ಆಡುಗಳನ್ನು ರಸ್ತೆಯ ದಂಡೆಗೆ, ಹೊಲದ ಒಡ್ಡುಗಳಿಗೆ ತಿರುಗಿಸಿದಳು. ತಾನು ಜಾಲಿ ಕೀಳುವ ಕೂಲಿಗೆ ಅದೇ ಮಡ್ಡಿಗೆ ಹೋದಳು. ತನ್ನ ಆಡಿಗೆ ಮುಚ್ಚಿದ ಗೇಟು ತನಗೆ ತೆರೆಯುವುದು ಮೊದಲ ದಿನ ಅವಳಿಗೆ ವಿಚಿತ್ರ ಅನ್ನಿಸಿತು. ಮೂರನೆಯ ದಿನ ಕೆಲಸ ಹಿಡಿಸಿತು. ಹಾರೆ ಹಾಕಿ ಕಲ್ಲು ಮೀಟಿ, ಬೇರಿನ ಗೆಣ್ಣು ಸಿಗುವ ತನಕ ಅಗೆದು, ಇಡೀ ಬುಡವನ್ನು ಮೇಲಕ್ಕೆ ಎಳೆಯುವಾಗ ಅವಳಿಗೆ ಒಂಥರಾ ಸಮಾಧಾನ. ಕೆಲಸ ನೋಡಿಕೊಳ್ಳುತ್ತಿದ್ದ ಗಾರ್ಡ್ ಪ್ರಬುದ್ಧ, ಅಫಜಲಪುರದ ಅತನೂರಿನವ, ನಲವತ್ತು ದಾಟಿದ ಶಾಂತ ಮನುಷ್ಯ. ಎಂಟು ದಿನದಲ್ಲಿ ಅವಳನ್ನು 'ಖಾಲಾ', ಚಿಕ್ಕಮ್ಮ, ಅನ್ನತೊಡಗಿದ.

ಉಳಿದ ಕಡೆ ಸಸಿಗಳು ಹಿಡಿದವು. ಪಡುವಣ ಏರು ಮಾತ್ರ ಯಾರಿಗೂ ಬಗ್ಗಲಿಲ್ಲ. ಎರಡು ವರ್ಷ ನರ್ಸರಿಯಿಂದ ಚೀಲದ ಸಸಿ ತಂದು ಹಚ್ಚಿದರು, ಎರಡು ವರ್ಷವೂ ಒಣಗಿ ಕಡ್ಡಿಯಾದವು. ರೇಂಜರ್ ಮ್ಯಾಡಮ್ ಬಂದು ಏರನ್ನು ನೋಡಿ, ಇಲ್ಲಿ ಫರಸಿಕಲ್ಲು ಹಾಸಿ, ಜನ ಕೂತು ಹೊತ್ತು ಮುಳುಗುವುದನ್ನು ನೋಡುವ ಹಾಗೆ ಕಟ್ಟೆ ಕಟ್ಟಿಸಿಬಿಡೋಣ ಅಂದರು. ಕೂಲಿಯವರು ತಲೆಯಾಡಿಸಿದರು. ಹಿಂದೆ ನಿಂತಿದ್ದ ಖಾಸೀಂಬಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮುಂದೆ ಬಂದಳು.

"ಇಲ್ಲೇ ನಮ್ಮವ್ವ ಬಾರಿಹಣ್ಣು ಆರಸ್ತಿದ್ದಳ್ರಿ. ಚೀಲದ ಸಸಿ ಇಲ್ಲಿ ನಿಲ್ಲೂದಿಲ್ಲ. ಬೀಜದಿಂದ ಏಳಬೇಕು. ಬೇರು ತಾನೇ ಕಲ್ಲಿನ ಬಿರುಕು ಹುಡುಕಬೇಕು."

"ಬೀಜಾನೂ ಹಾಕಿಸಿದ್ವಲ್ಲ ಖಾಸೀಂಬಿ, ಹುಟ್ಟಲಿಲ್ಲ," ಅಂದರು ಮ್ಯಾಡಮ್.

"ಆ ಬೀಜ ಆಡಿನ ಬಾಯಿ ಕಂಡಿದ್ದಿಲ್ಲಲ್ರಿ."

ಕೂಲಿಯವರು ನಕ್ಕರು. ಮ್ಯಾಡಮ್ ನಗಲಿಲ್ಲ. "ಅಂದ್ರೆ?" ಅಂದರು.

"ಆಡು ಬಾರಿಹಣ್ಣು ನುಂಗಿ ಬರ್ತಾವ್ರಿ. ಸಂಜಿಕ ಹಟ್ಟ್ಯಾಗ ಕೂತು ಮೆಲಕ ಹಾಕ್ತಾವ. ತಿರುಳು ತಿಂದು ಬೀಜ ಉಗುಳ್ತಾವ. ಮುಂಜಾನಿ ಕಸಾ ಹೊಡಿಯೂವಾಗ ಬುಟ್ಟಿ ತುಂಬ ಸಿಗ್ತಾವ. ಬನ್ನಿಕಾಯಾಗಿನಂಥಾ ಸಣ್ಣ ಬೀಜಾ ಹಿಕ್ಕ್ಯಾಗ ಬರ್ತಾವ. ಆಡಿನ ಹೊಟ್ಟಿ ಕಂಡ ಬೀಜ ಜಲ್ದಿ ಮೊಳಕಿ ಒಡಿತದ. ನನ್ನ ಹಟ್ಟಿ ಮಗ್ಗಲಕ ಬಂದು ನೋಡ್ರಿ, ನಾ ಹಚ್ಚಿದ್ದಲ್ಲ, ಆರು ಬಾರಿಗಿಡ ತಾವೇ ಎದ್ದಾವ."

ಮ್ಯಾಡಮ್ ಪ್ರಬುದ್ಧನ ಮುಖ ನೋಡಿದರು. ಪ್ರಬುದ್ಧ ಟೊಪ್ಪಿಗೆ ಸರಿಪಡಿಸಿಕೊಂಡು, "ನಾ ನೋಡೇನ್ರಿ ಮ್ಯಾಡಮ್, ಖರೆ ಅದ," ಅಂದ.

"ಎಷ್ಟು ದಿನ ಬೇಕು?"

"ಮೂರು ಮಳಿಗಾಲ ಕೊಡ್ರಿ."

"ಬರದಿದ್ರೆ?"

ಈ ಪ್ರಶ್ನೆ ಬರುತ್ತದೆ ಅಂತ ಖಾಸೀಂಬಿ ಎಣಿಸಿರಲಿಲ್ಲ. ಬಾಯಿಗೆ ಬಂದದ್ದನ್ನು ಅಂದುಬಿಟ್ಟಳು. "ಬರದಿದ್ರ ಹಟ್ಟಿ ಖಾಲಿ ಮಾಡ್ತೇನ್ರಿ. ಒಂದೂ ಆಡು ಇಟಗೊಳ್ಳೂದಿಲ್ಲ. ಬಂದ್ರ ನನ್ನ ಆಡು ಮಡ್ಡಿಗಿ ಬರಬೇಕು. ನೀವು ಹೇಳಿದ ದಿನ, ಹೇಳಿದ ಜಾಗಾಕ್ಕ. ಅಷ್ಟೇ."

ಮ್ಯಾಡಮ್ ಏರನ್ನು ಇನ್ನೊಮ್ಮೆ ನೋಡಿ, "ಆಯ್ತು," ಅಂದರು. ಖಾಸೀಂಬಿ ಮನೆಗೆ ಬರುವ ದಾರಿಯಲ್ಲಿ ಚಾಂದನಿಯ ಮುಖ ನೋಡುವುದಕ್ಕೂ ಹಿಂಜರಿದಳು. ತವರಿನ ಒಡವೆಯನ್ನು ಕೇಳದೆ ಒತ್ತೆ ಇಟ್ಟವರ ಹಾಗೆ ಆಗಿತ್ತು ಅವಳಿಗೆ.

ಬೀಜ ಎಲ್ಲಿ ಹಾಕಬೇಕು ಅನ್ನುವುದು ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತು. ಮಧ್ಯಾಹ್ನದ ಉರಿಬಿಸಿಲಲ್ಲಿ ಆಡುಗಳು ಆ ಏರಿನಲ್ಲಿ ಯಾವ ಯಾವ ಬಂಡೆಯ ಮಗ್ಗುಲಲ್ಲಿ ಮಲಗುತ್ತಿದ್ದವೋ ಅಲ್ಲೇ ತಂಪು, ಅಲ್ಲೇ ಅಂಗೈಯಷ್ಟಾದರೂ ಮಣ್ಣು. ಪ್ರಬುದ್ಧ ನಕ್ಷೆ ಹಿಡಿದು ಸಾಲು ಬರೆಯುತ್ತಿದ್ದ. ಅವಳು ಸಾಲು ಬಿಟ್ಟು ಓರೆಯಾಗಿ ನಡೆದು, "ಇಲ್ಲಿ ಚಾಂದನಿ ಮಲಗ್ತಿತ್ತು, ಇಲ್ಲಿ ಅದರವ್ವ ಮಲಗ್ತಿತ್ತು, ಇಲ್ಲಿ ಕುಂಟ ಹೋತ," ಅನ್ನುತ್ತ ಕುಣಿ ತೋಡಿಸಿದಳು. ಪ್ರಬುದ್ಧ ಕೊನೆಗೆ ನಕ್ಷೆ ಮಡಚಿ ಕಿಸೆಯಲ್ಲಿಟ್ಟ.

ಮೃಗಶಿರಾ ಮಳೆ ಬೀಳುವ ಮುಂಚೆ ಅವಳು ಪ್ರತಿ ಕುಣಿಗೂ ನಾಲ್ಕು ಬಾರಿಬೀಜ ಹಾಕಿದಳು. ಮೇಲೆ ಎರಡೆರಡು ಬೊಗಸೆ ಆಡಿನ ಹಿಕ್ಕಿ. ಆಡು ಸಾಕುವವರು ಯಾರೂ ಹಿಕ್ಕಿ ಇಲ್ಲದೆ ಬೀಜ ಹಾಕುವುದಿಲ್ಲ. ಅದೂ ಅಲ್ಲದೆ ಬೇಸಿಗೆಯೆಲ್ಲ ಆಡುಗಳನ್ನು ಒಡ್ಡಿನ ಬನ್ನಿಮರಗಳ ಕೆಳಗೆ ಬಿಟ್ಟಿದ್ದಳಲ್ಲ, ಹಿಕ್ಕಿಯ ತುಂಬ ಬನ್ನಿಬೀಜ ಇದ್ದೇ ಇರುತ್ತದೆ. ಗೊಬ್ಬರವೂ ಆಯಿತು, ಬನ್ನಿಯೂ ಆಯಿತು ಅಂತ ಅವಳ ಲೆಕ್ಕ.

ಮಳೆ ಬಿತ್ತು. ಹತ್ತು ದಿನಕ್ಕೆ ಕುಣಿಗಳೆಲ್ಲ ಹಸಿರು. ಒಂದೊಂದರಲ್ಲಿ ಎಂಟು, ಹತ್ತು ಮೊಳಕೆ. ಹದಿನೈದು ದಿನಕ್ಕೆ ಗರಿಯಂಥ ಸಣ್ಣ ಎಲೆ. "ಬನ್ನಿಗಿಡಾ ಖಾಲಾ, ಬನ್ನಿಗಿಡಾ," ಅಂತ ಪ್ರಬುದ್ಧ ಮಂಡಿಯೂರಿ ಫೋಟೋ ತೆಗೆದು ಮ್ಯಾಡಮ್‌ಗೆ ಕಳಿಸಿದ. ಅತ್ತಲಿಂದ ಶಾಬಾಸ್ ಅಂತ ಉತ್ತರ ಬಂತು. ಸಂಜೆಗೆ ಸುದ್ದಿ ಊರಿಗೂ ಬಂತು.

ಅದರ ಮರುದಿನ ಚಾಂದನಿ ತಪ್ಪಿಸಿಕೊಂಡಿತು. ಬೇಲಿಯ ಕೆಳಗೆ ಮಳೆನೀರು ಕೊರೆದ ಸಂದಿಯಲ್ಲಿ ನುಸುಳಿ, ಅಭ್ಯಾಸಬಲದಿಂದ ನೆಟ್ಟಗೆ ಪಡುವಣ ಏರಿಗೆ ಹೋಗಿ, ತನ್ನ ಹಳೆಯ ಬಂಡೆಯ ಮಗ್ಗುಲಲ್ಲಿ ನಿಂತಿತು. ಖಾಸೀಂಬಿ ಹಿಂದೆಯೇ ಓಡಿದಳು. ಅವರೆಬಳ್ಳಿಯ ಗತಿ ನೆನಪಿಗೆ ಬಂತು. ಅವಳು ಮುಟ್ಟುವಷ್ಟರಲ್ಲಿ ಚಾಂದನಿ ಕುಣಿಗೆ ಮೂತಿ ಇಟ್ಟು ಮೊಳಕೆಗಳನ್ನು ಮೂಸಿತು. ಮೂಸಿ, ಸೀನಿ, ಮುಖ ತಿರುಗಿಸಿ ಕಲ್ಲಿನ ಮೇಲಿನ ಹುಲ್ಲೆಸಳಿಗೆ ಬಾಯಿ ಹಾಕಿತು.

ಪ್ರಬುದ್ಧ ಬರುವ ಹೊತ್ತಿಗೆ ಖಾಸೀಂಬಿ ಕುಣಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು.

"ಏನಾತ್ರಿ ಖಾಲಾ? ತಿಂತೇನು?"

"ತಿನ್ನಲಿಲ್ಲ."

"ತಿನ್ನದಿದ್ರ ಛಲೋನೇ ಆತಲ್ರಿ."

"ಬನ್ನಿ ಆಗಿದ್ರ ತಿಂತಿತ್ತು ತಮ್ಮಾ."

ಪ್ರಬುದ್ಧನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಅವನೂ ಪಕ್ಕದಲ್ಲಿ ಕೂತ. ಬೇಲಿ ಬಿದ್ದ ಮೇಲೆ ಆಡುಗಳು ಮೇಯುತ್ತಿದ್ದದ್ದು ರಸ್ತೆಯ ದಂಡೆ. ರಸ್ತೆಯ ದಂಡೆಯ ತುಂಬ ಬಳ್ಳಾರಿ ಜಾಲಿ. ಒಡ್ಡಿಗೆ ಹೋಗುವಾಗ ಬರುವಾಗ ಅವು ಹೊಟ್ಟೆತುಂಬ ತಿಂದದ್ದು ಅದರ ಕಾಯಿ. ಬನ್ನಿಯ ಬೀಜ ಎಷ್ಟಿತ್ತೋ ಏನೋ, ಹಿಕ್ಕಿಯ ತುಂಬ ಇದ್ದದ್ದು ಜಾಲಿಯ ಬೀಜ. ವರ್ಷಗಟ್ಟಲೆ ಹಾರೆ ಹಾಕಿ ಕಿತ್ತ ಗಿಡವನ್ನೇ ಅವಳು ಬೊಗಸೆಯಲ್ಲಿ ತುಂಬಿ ತುಂಬಿ ಬಿತ್ತಿದ್ದಳು.

"ಬ್ಯಾರೆ ಯಾರಿಗಿ ಮಾಲೂಮ ಅದ್ರಿ?" ಅಂದ ಪ್ರಬುದ್ಧ.

"ನನಗ, ನಿನಗ, ಚಾಂದನಿಗಿ."

ಇಬ್ಬರೂ ನಗಲಿಲ್ಲ. "ಬನ್ನಿ ಬಂದಾವ ಅಂತ ನಾ ಬರದು ಕಳಿಸೇನಿ ಖಾಲಾ. ಬರೂ ಸೋಮವಾರ ಮ್ಯಾಡಮ್ಮಾರು ನೋಡಾಕ ಬರಾಕತ್ತಾರ," ಅಂದ. ಹೀಗೆ ಮಾಡು ಅಂತ ಅವನು ಹೇಳಲಿಲ್ಲ, ಹಾಗೆ ಮಾಡಬೇಡ ಅಂತಲೂ ಹೇಳಲಿಲ್ಲ.

ಅವತ್ತು ಮನೆಗೆ ನಡೆಯುವಾಗ ಖಾಸೀಂಬಿಯ ತಲೆಯಲ್ಲಿ ಒಂದು ಸಣ್ಣ ದನಿ ಮಾತಾಡುತ್ತಲೇ ಇತ್ತು. ಬಿಟ್ಟರೆ ಏನಾಗುತ್ತದೆ? ಜಾಲಿ ಸಾಯುವ ಜಾತಿಯಲ್ಲ. ಮೂರು ಮಳೆಗಾಲಕ್ಕೆ ಏರು ಆಳೆತ್ತರ ಹಸಿರಾಗುತ್ತದೆ. ಹಸಿರು ಅಂದರೆ ಹಸಿರು. ಬನ್ನಿಯ ಎಳೆಗಿಡಕ್ಕೂ ಇದಕ್ಕೂ ಫರಕು ಹೇಳುವವರು ಆಫೀಸಿನಲ್ಲಿ ಎಷ್ಟು ಜನ? ಆಡುಗಳು ಉಳಿಯುತ್ತವೆ. ಅವಳಾಡಿದ ಮಾತೂ ಉಳಿಯುತ್ತದೆ.

ಮನೆಯ ಮುಂದೆ ಹಣಮವ್ವ ಗೋಡೆಗೆ ಮೊಣಕೈ ಊರಿ ಕಾಯುತ್ತಿದ್ದಳು. ಮುಖದ ತುಂಬ ನಗು.

"ಏನ ಬೇ ಖಾಸೀಂಬಿ, ಮಡ್ಡಿ ಹಸರಾಗ್ಯಾದಂತ. ಗಿರಣ್ಯಾಗ ಎಲ್ಲಾರೂ ಅನ್ನಾಕತ್ತಾರ. ನಿನ್ನ ದಾರ್ಯಾಗ ಹುಲ್ಲೂ ಹುಟ್ಟೂದಿಲ್ಲ ಅಂದಿದ್ದೆ, ಆ ಮಾತು ಹಿಂದಕ್ಕ ತಗೋತೇನಿ ತಗೋ."

ಇಷ್ಟು ವರ್ಷ ಖಾಸೀಂಬಿ ಕಾದಿದ್ದು ಇದೇ ಮಾತಿಗೆ. ಬಂದದ್ದು ಇವತ್ತು. ಮುರಿದ ಮುಳ್ಳನ್ನು ಯಾರೋ ಒತ್ತಿದ ಹಾಗಾಯಿತು. ಜಾಲಿಯ ಬುಡದಲ್ಲಿ ನಿಜವಾಗಿಯೂ ಹುಲ್ಲು ಹುಟ್ಟುವುದಿಲ್ಲ. ಹಣಮವ್ವನ ಮಾತು ಇಷ್ಟು ದಿನ ಅರ್ಧ ಖರೆ ಇತ್ತು; ಈ ಗಿಡ ಹಾಗೇ ಬೆಳೆಯಬಿಟ್ಟರೆ ಅದನ್ನು ಪೂರಾ ಖರೆ ಮಾಡಿದವಳು ತಾನೇ.

"ಈಗೇ ತಗೋಬ್ಯಾಡ," ಅಂದಳು ಖಾಸೀಂಬಿ. "ಜರಾ ತಡಿ. ನಾ ಹೇಳ್ತೇನಿ ಯಾವಾಗ ತಗೋಬೇಕಂತ."

ಮರುದಿನ ಬೆಳಕು ಹರಿಯುವ ಹೊತ್ತಿಗೆ ಕುರ್ಪಿ ಹಿಡಿದು ಏರು ಹತ್ತಿದಳು. ಮಳೆಗೆ ನೆಲ ಮೆದುವಾಗಿತ್ತು. ಬೇರು ತುಂಡಾದರೆ ಜಾಲಿ ಮತ್ತೆ ಚಿಗುರುತ್ತದೆ, ಹಾಗಾಗಿ ಒಂದೊಂದನ್ನೂ ಸುತ್ತ ಬಿಡಿಸಿ, ಬುಡ ಹಿಡಿದು, ತುದಿ ಬೇರು ಬರುವ ತನಕ ಮೆಲ್ಲಗೆ ಎಳೆಯಬೇಕು. ಮಧ್ಯಾಹ್ನ ಪ್ರಬುದ್ಧ ಬಂದು ನೋಡಿದ. ಏನೂ ಕೇಳದೆ ಅಂಗಿಯ ತೋಳು ಮಡಚಿ ಆಚೆ ತುದಿಯಿಂದ ಶುರು ಮಾಡಿದ. ನಾಲ್ಕು ದಿನ ಹಿಡಿಯಿತು. ಕಿತ್ತು ಮುಗಿದಾಗ ಏರು ಮತ್ತೆ ಕರಿಗಲ್ಲು. ಜಾಲಿಯ ನಡುವೆ ಕಳೆದುಹೋಗಿದ್ದ ಬಾರಿ ಮೊಳಕೆಗಳು ಅಲ್ಲೊಂದು ಇಲ್ಲೊಂದು ಕಂಡವು, ಗುಂಡೆಲೆಯವು. ಎಣಿಸಲು ಎರಡೂ ಕೈಯ ಬೆರಳು ಸಾಕಾದವು.

ಸೋಮವಾರ ಮ್ಯಾಡಮ್ ಜೀಪಿನಿಂದ ಇಳಿದು ಏರು ನೋಡಿದರು, ಕೈಯಲ್ಲಿದ್ದ ಫೋನಿನ ಫೋಟೋ ನೋಡಿದರು, ಮತ್ತೆ ಏರು ನೋಡಿದರು. "ಎಲ್ಲಿ ಹೋದವು?"

ಪ್ರಬುದ್ಧ ಬಾಯಿ ತೆರೆಯುವ ಮುಂಚೆ ಖಾಸೀಂಬಿ ಹೇಳಿದಳು. "ಅವು ಬನ್ನಿ ಅಲ್ರಿ ಮ್ಯಾಡಮ್ಮಾರ, ಬಳ್ಳಾರಿ ಜಾಲಿ. ನಾನೇ ಬಿತ್ತಿದ್ದೆ, ನಾನೇ ಕಿತ್ತೆ. ಇವರದೇನೂ ತಪ್ಪಿಲ್ಲ." ಬಂಡೆಯ ಮೇಲೆ ಒಣಗಲು ಹಾಕಿದ್ದ ರಾಶಿಯನ್ನು ತೋರಿಸಿದಳು. ಬೇರುಗಳೆಲ್ಲ ಮೇಲ್ಮುಖವಾಗಿ ಬಿದ್ದಿದ್ದವು, ಮತ್ತೆ ನೆಲ ಹಿಡಿಯಬಾರದು ಅಂತ.

ಮ್ಯಾಡಮ್ ರಾಶಿಯಿಂದ ಒಂದನ್ನು ಎತ್ತಿ, ತುಂಡಾಗದ ಬೇರಿನ ತುದಿಯನ್ನು ಬೆರಳಲ್ಲಿ ಹಿಡಿದು ನೋಡಿದರು. "ಯಾರು ಕಂಡುಹಿಡಿದದ್ದು?"

"ಚಾಂದನಿ," ಅಂದ ಪ್ರಬುದ್ಧ.

"ಅವರ್ಯಾರು?"

"ಆಡ್ರಿ."

ಆಗ ಮ್ಯಾಡಮ್ ನಕ್ಕರು. "ಇನ್ನೂ ಎರಡು ಮಳೆಗಾಲ ಇದೆ," ಅಂದು ಜೀಪು ಹತ್ತಿದರು.

ಆ ಚಳಿಗಾಲ ಖಾಸೀಂಬಿ ಮಾಡಿದ ಕೆಲಸವನ್ನು ಊರು ಈಗಲೂ ಹೇಳಿ ನಗುತ್ತದೆ. ಬಾರಿಹಣ್ಣು ಕೆಂಪಾಗುವ ಹೊತ್ತಿಗೆ ಅವಳು ಎಲ್ಲ ಆಡುಗಳನ್ನೂ ಹಟ್ಟಿಯೊಳಗೆ ಕೂಡಿಹಾಕಿ ಎಂಟು ದಿನ ಹೊರಗೆ ಬಿಡಲಿಲ್ಲ. ಬರೀ ಜೋಳದ ಕಣಿಕಿಯ ಒಣದಂಟು, ನೀರು. ಹೊಟ್ಟೆಯಲ್ಲಿರುವ ಜಾಲಿಬೀಜ ಪೂರಾ ಹೊರಗೆ ಹೋಗುವ ತನಕ ಹಸಿರು ಮುಟ್ಟಗೊಡಬಾರದು. ಆಡುಗಳು ಹಟ್ಟಿಯ ಅಡ್ಡಗೋಲುಗಳಿಗೆ ಕೊಂಬು ತಿಕ್ಕುತ್ತ ಓಣಿ ಕೇ‍ಳುವಂತೆ ಒದರಿದವು.

"ಏನ ಬೇ ಇದು?" ಹಣಮವ್ವ ಗೋಡೆಯ ಮೇಲಿಂದ ಇಣುಕಿದಳು. "ಆಡಿಗಿ ರೋಜಾ ಉಪಾಸ ಇಡಸೀಯೇನು?"

"ಹೂಂ. ಎಂಟು ದಿನದ್ದು."

"ಸಂಜಿಕರೆ ಖಜೂರ ಕೊಡು, ಪಾಪ."

"ಖಜೂರ ಎಲ್ಲಿಂದ ತರ್ಲಿ? ಬಾರಿಹಣ್ಣು ಕೊಡ್ತೇನಿ, ಒಂಬತ್ತನೇ ದಿನಕ್ಕ."

"ನಮ್ಮ ಕಡಿ ಒಪ್ಪತ್ತು ಇದ್ದವರಿಗಿ ಒಂದು ಹೊತ್ತರೆ ಹೋಳಿಗಿ ಅದ," ಅಂದು ಹಣಮವ್ವ ತನ್ನ ಹೊಲದ ಕಣಿಕಿಯ ಎರಡು ಸೂಡು ಗೋಡೆ ದಾಟಿಸಿದಳು. ಮಸೀದಿಯಿಂದ ಬರುವ ಹಿರಿಯರು ಹಟ್ಟಿಯ ಮುಂದೆ ನಿಂತು, ಈ ಆಡುಗಳ ಈದ್ ಯಾವತ್ತು ಅಂತ ಕೇಳಿ ಹೋಗುತ್ತಿದ್ದರು. ಖಾಸೀಂಬಿ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು: "ಚಂದ್ರ ಕಂಡ್ರ ಹೇಳ್ತೇನಿ."

ಒಂಬತ್ತನೆಯ ದಿನ ಹಟ್ಟಿಯ ನೆಲ ಕೆರೆದು, ತೊಳೆದು, ಹಳೆಯ ಹಿಕ್ಕಿಯನ್ನೆಲ್ಲ ಸುಟ್ಟು, ಆಡುಗಳನ್ನು ಬಾಯಿಗೆ ಜಾಳಿಗೆ ಕಟ್ಟಿ ರಸ್ತೆ ದಾಟಿಸಿ, ಒಡ್ಡಿನ ಬಾರಿಪೊದೆಗಳ ಹತ್ತಿರ ಬಿಚ್ಚಿಬಿಟ್ಟಳು. ಸಂಜೆ ಅವು ಹಟ್ಟಿಯಲ್ಲಿ ಕೂತು ಕಣ್ಣು ಅರೆಮುಚ್ಚಿ ಮೆಲುಕು ಹಾಕಿದವು. ಟಪ್, ಟಪ್ ಅಂತ ಬೀಜ ನೆಲಕ್ಕೆ ಬೀಳುವ ಸದ್ದು ಪಡಸಾಲೆಗೆ ಕೇಳುತ್ತಿತ್ತು. ರೊಟ್ಟಿ ತಟ್ಟುತ್ತ ಆ ಸದ್ದು ಕೇಳುವುದೆಂದರೆ ಖಾಸೀಂಬಿಗೆ ಯಾರೋ ಮನೆಯಲ್ಲಿ ಇದ್ದಾರೆ ಅನ್ನಿಸುವ ಸುಖ. ಬೆಳಿಗ್ಗೆ ಬೀಜವನ್ನು ಸಾಣಿಗೆಯಲ್ಲಿ ಹಾಕಿ ಆಡಿಸಿದರೆ ಹಿಕ್ಕಿಯ ಪುಡಿ ಕೆಳಗೆ, ಬಾರಿಬೀಜ ಮೇಲೆ. ಈ ಸಲ ಕುಣಿಗೆ ಹಿಕ್ಕಿ ಹಾಕಲೇ ಇಲ್ಲ. ಅಜ್ಜ ಮುತ್ತಾತರಿಂದ ಬಂದ ರೂಢಿ, ಆದರೂ ಬಿಟ್ಟಳು. ಕಾರಿ, ಕವಳಿಯ ಬೀಜವನ್ನು ತಾನೇ ತಿಕ್ಕಿ ತೊಳೆದು ಜೊತೆಗಿಟ್ಟಳು.

ಎರಡನೆಯ ಮಳೆಗಾಲಕ್ಕೆ ಗುಂಡೆಲೆ ಎದ್ದವು. ಕಣ್ಣಿಗೆ ತುಂಬುವಂಥದ್ದಲ್ಲ, ಬಗ್ಗಿ ನೋಡಿದವರಿಗೆ ಮಾತ್ರ ಕಾಣುವಂಥದ್ದು. ಖಾಸೀಂಬಿ ಬಗ್ಗಿ ನೋಡುತ್ತಲೇ ಆ ವರ್ಷ ಕಳೆದಳು. ಬೇಸಿಗೆಯಲ್ಲಿ ಮೇಲಿನ ಎಲೆ ಉದುರಿತು, ಪ್ರಬುದ್ಧ ಗಾಬರಿಯಾದ. ಅವಳು ಒಂದು ಗಿಡದ ಬುಡ ಅಲುಗಿಸಿದಳು, ಅದು ಅಲುಗಲಿಲ್ಲ. "ಬೇರು ಬಿರುಕು ಹಿಡದಾವ ತಮ್ಮಾ. ಫಿಕರ್ ಮಾಡಬ್ಯಾಡ," ಅಂದಳು.

ಮೂರನೆಯ ಮಳೆ ತಡವಾಗಿ ಬಂತು, ಬಂದದ್ದು ಚೆನ್ನಾಗಿ ಬಂತು. ಮಳೆಗಾಲ ಮುಗಿಯುವಾಗ ಮ್ಯಾಡಮ್ ಬಂದರು. ಕೆಳಗಿಂದ ನೋಡಿದರೆ ಏರು ಈಗಲೂ ಕರಿಗಲ್ಲೇ, ಆದರೆ ಪ್ರತಿ ಬಂಡೆಯ ಮಗ್ಗುಲಲ್ಲೂ ಸೊಂಟದೆತ್ತರದ ಮುಳ್ಳುಪೊದೆ, ಪೊದೆಯ ಬುಡದಲ್ಲಿ ಹುಲ್ಲು. ಮ್ಯಾಡಮ್ ಒಳಗೆ ಕಾಲಿಟ್ಟರು. ಒಂದು ಕೌಜುಗದ ಜೋಡಿ ಪುರ್ ಅಂತ ಎದ್ದು ಆಚೆ ಹಾರಿತು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಬಾರಿಮುಳ್ಳು ಅವರ ದುಪಟ್ಟಾ ಹಿಡಿಯಿತು. ಅದನ್ನು ಬಿಡಿಸುವಷ್ಟರಲ್ಲಿ ಇನ್ನೊಂದು ಪೊದೆ ತೋಳು ಹಿಡಿಯಿತು.

"ಗಟ್ಟಿ ನಿಂತಾವಿಲ್ಲೋ ಅಂತ ನಾ ಹೇಳೂದು ಬ್ಯಾಡಲ್ರಿ," ಅಂದಳು ಖಾಸೀಂಬಿ, ಮುಳ್ಳು ಬಿಡಿಸುತ್ತ. "ಅವೇ ಹೇಳಾಕತ್ತಾವ."

ಮ್ಯಾಡಮ್ ಗೀರಿದ ತೋಳು ಒರೆಸಿಕೊಂಡರು. "ಫರಸಿ ಹಾಸೋದು ಬೇಡ," ಅಂದರು ಪ್ರಬುದ್ಧನಿಗೆ. ಆಮೇಲೆ ಖಾಸೀಂಬಿಯ ಕಡೆ ತಿರುಗಿ, ಗೇಟಿನ ಹತ್ತಿರ ಕಾವಲಿನ ಕೋಣೆ ಖಾಲಿ ಇದೆ, ಅಲ್ಲೇ ಇದ್ದು ಏರನ್ನು ನೋಡಿಕೊಳ್ಳುವವರು ಬೇಕು ಅಂದರು. "ಪಕ್ಕದಲ್ಲಿ ಕಲ್ಲು ಹಾಸಿದ ಹಟ್ಟಿ ಕಟ್ಟಿಸಿಕೊಡ್ತೀನಿ. ಹಿಂದಿನ ಏರಿಗೆ ಮುಂದಿನ ವರ್ಷ ಬೀಜ ಬೇಕು. ನಿಮ್ಮ ಆಡು ಎಷ್ಟು ಉಗುಳುತ್ತವೆ?"

"ತಿಂದಷ್ಟು ಉಗುಳ್ತಾವ್ರಿ," ಅಂದಳು ಖಾಸೀಂಬಿ.

ಕಲ್ಲುಹಾಸಿನ ಹಟ್ಟಿ ಎರಡು ತಿಂಗಳಲ್ಲಿ ಎದ್ದಿತು. ಖಾಸೀಂಬಿ ಬಿಟ್ಟುಹೋಗುವ ಮನೆಗೆ ಕೊಳಕೂರಿನಿಂದ ಮಗಳು ಮಸರತ ಬಂದಳು. ಗಂಡ ಯಾಸೀನ ಹೊಲಿಗೆಯವನು. ಮಾದನಹಿಪ್ಪರಗಾ ದೊಡ್ಡ ಊರು, ಇಲ್ಲಿ ಹೊಲಿಗೆ ಚೆನ್ನಾಗಿ ನಡೆಯುತ್ತದೆ ಅಂತ ಇಬ್ಬರೂ ಬಹಳ ದಿನದಿಂದ ಅನ್ನುತ್ತಿದ್ದರು. ಪಡಸಾಲೆಯಲ್ಲಿ ಮಿಷನ್ನು ಇಟ್ಟಾಯಿತು. ಆಡು ಹೋದ ಮೇಲೆ ಹಿತ್ತಲನ್ನು ತೊಳೆದು ಸುಣ್ಣ ಬಳಿಯುವ ಮಾತು ಮಸರತ ತೆಗೆದಾಗ ಖಾಸೀಂಬಿ ಮೂಲೆಯ ಆರು ಬಾರಿಗಿಡಗಳನ್ನು ತೋರಿಸಿ, "ಇವಕ್ಕ ಮಾತ್ರ ಕುಡುಗೋಲು ಹಚ್ಚಬ್ಯಾಡ," ಅಂದಳು. ಮಸರತ, "ಅಮ್ಮಾ, ಗಿರಾಕಿ ಸೀರೆ ಹರಿದ್ರ?" ಅಂದಳು. "ಹರಿದ್ರ ನಿನ್ನ ಗಂಡ ಹೊಲಿತಾನ," ಅಂದಳು ತಾಯಿ.

ಹೊರಡುವ ದಿನ ಸಾಮಾನು ಬಹಳ ಇರಲಿಲ್ಲ. ಎರಡು ಕೌದಿ, ಅಡಿಗೆಯ ನಾಲ್ಕು ಪಾತ್ರೆ, ಕುರ್ಪಿ, ಸಾಣಿಗೆ, ಬದರುನ್ನಿಸಾ ಬಾರಿಉಂಡೆ ಕುಟ್ಟುತ್ತಿದ್ದ ಸಣ್ಣ ಒರಳು. ಒರಳನ್ನು ಪ್ರಬುದ್ಧ ಮೋಟರ್‌ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಮುಂದೆ ಹೋದ. ಖಾಸೀಂಬಿ ಕಡೆಯ ಸಲ ಹಿತ್ತಲಿನ ಕಸ ಹೊಡೆದಳು, ಅಭ್ಯಾಸ. ಬುಟ್ಟಿಯಲ್ಲಿ ಒಂದು ಹಿಡಿ ಬೀಜ ಸಿಕ್ಕವು, ಸೆರಗಿನ ತುದಿಗೆ ಗಂಟು ಹಾಕಿದಳು. ಬೀಗದ ಕೈಯನ್ನು ಮಸರತಳ ಕೈಗಿಟ್ಟಳು. ಇನ್ನು ಮುಂದೆ ಈ ಹೊಸ್ತಿಲು ದಾಟಿದರೆ ಮಗಳ ಮನೆಗೆ ಬಂದ ಹಾಗೆ. ಮನೆಯ ಒಡತಿಯಾಗಿ ದಾಟುವುದು ಇದೇ ಕೊನೆ.

ಗೋಡೆಯ ಆಚೆ ಹಣಮವ್ವ ನಿಂತಿದ್ದಳು. ಗೋಡೆಯ ಬುಡದಲ್ಲಿ ಮಣ್ಣು ಕೆದರಿ ಅವರೆಬೀಜ ಊರಿದ್ದು ಕಾಣುತ್ತಿತ್ತು. "ಈ ವರ್ಷ ಬಳ್ಳಿ ಗೋಡಿ ದಾಟ್ತದ ನೋಡು," ಅಂದಳು. "ತಿನ್ನೂವರೇ ಇಲ್ಲ."

"ಹಾಲು ಕೊಡೂವರೂ ಇಲ್ಲ."

"ಅದೇ ವಿಚಾರ ಮಾಡಾಕತ್ತೇನಿ." ಹಣಮವ್ವ ಸೆರಗಿನಲ್ಲಿ ಮುಚ್ಚಿ ತಂದಿದ್ದ ರೊಟ್ಟಿಯ ಗಂಟನ್ನು ಗೋಡೆ ದಾಟಿಸಿದಳು. "ಆ ಮಾತು ಈಗರೆ ಹಿಂದಕ್ಕ ತಗೋಲಿ?"

"ಈಗ ತಗೋ. ಎಲ್ಲೆಲ್ಲಿ ಹೇಳಿದ್ದಿ ಅಲ್ಲೆಲ್ಲಾ ಹೋಗಿ ತಗೋಬೇಕು ಮತ್ತ."

"ಹಂಗಾದ್ರ ಬಸ್ ಕಟ್ಟೀ ತನಕಾ ನಡೀಬೇಕಾತು ಬೇ ನಾನು, ಈ ಮೊಣಕಾಲ ಇಟಗೊಂಡು," ಅಂದಳು ಹಣಮವ್ವ.

ಖಾಸೀಂಬಿ ಹಟ್ಟಿಯ ಅಡ್ಡಗೋಲು ಸರಿಸಿದಳು. ಆಡುಗಳು ಒಂದರ ಹಿಂದೊಂದು ಅಂಗಳ ದಾಟಿ ಓಣಿಗೆ ಬಿದ್ದವು. ಚಾಂದನಿಗೆ ಈಗ ವಯಸ್ಸಾಗಿತ್ತು, ಆದರೂ ಹೋಗುವಾಗ ಗೋಡೆಗೆ ಮುಂಗಾಲು ಹಚ್ಚಿ, ಹಸಿಮಣ್ಣಿನ ಕಡೆ ಒಮ್ಮೆ ಮೂಸಿ ನೋಡಿತು. "ಕಾಂ ಜಾತೀ ಗೇ?" ಅಂದಳು ಖಾಸೀಂಬಿ, ಕೋಲು ಎತ್ತದೆ. ಚಾಂದನಿ ಗೋಡೆ ಬಿಟ್ಟಿಳಿದು, ಹಿಂಡನ್ನೆಲ್ಲ ಹಿಂದೆ ಹಾಕಿ ಮುಂದೆ ಬಂದು, ಮಡ್ಡಿಯ ದಾರಿ ಹಿಡಿಯಿತು. ಅದರ ಹೆಜ್ಜೆಗೆ ಹೆಜ್ಜೆ ಕೂಡಿಸಬೇಕಾದ್ದರಿಂದ ಖಾಸೀಂಬಿಗೆ ಹೊಸ್ತಿಲ ಕಡೆ ತಿರುಗಿ ನೋಡಲು ಪುರುಸೊತ್ತಾಗಲಿಲ್ಲ.